ಬಂಪರಿನ ಗೀರಿಗೆ ಎಷ್ಟು ಮದ್ದು?

ಕಾರಿಗೆ ಬಂಪರ್ ಇರುವುದೇ ಪೆಟ್ಟು ಅದಕ್ಕೆ ಬೀಳಲಿ, ಉಳಿದದ್ದು ಉಳಿಯಲಿ ಎಂದು. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲು ಹಿಡಿದು ನಡೆದರೆ, ಬಂಪರಿಗೇ ಪೆಟ್ಟಾಗದಂತೆ ಅದರ ಮೂಲೆಗಳಿಗೆ ಅಂಟಿಸುವ ರಬ್ಬರ್ ಪಟ್ಟಿಗಳು ಕಣ್ಣಿಗೆ ಬೀಳುತ್ತವೆ. ಕಾವಲುಗಾರನಿಗೇ ಒಬ್ಬ ಕಾವಲುಗಾರ! ಒಂದು ಕಾಲಕ್ಕೆ ಈ ಹುಚ್ಚು ಇನ್ನೂ ಜೋರಾಗಿತ್ತು. ಬಂಪರಿನ ಮುಂದೆ ಉಕ್ಕಿನ ಕೊಳವೆಯ ಬುಲ್ ಬಾರ್ ಹಾಕಿಸಿಕೊಂಡು ಮೆರೆಯುತ್ತಿದ್ದರು. ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಪಾದಚಾರಿಗೂ ಕಾರಿನೊಳಗಿದ್ದವರಿಗೂ ಅಪಾಯ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಮೇಲೆ ಹಾವಳಿ ಸ್ವಲ್ಪ ತಗ್ಗಿತು. ಬಂಪರಿನ ಮೇಲಿನ ಮಮತೆ ಮಾತ್ರ ತಗ್ಗಲಿಲ್ಲ.

ಬಂಪರಿನ ಮೇಲೆ ಬಿದ್ದ ಸಣ್ಣ ಗೀರನ್ನು ಹಾನಿ ಎನ್ನಬೇಕೇ? ಬಹುಪಾಲು ಸಂದರ್ಭಗಳಲ್ಲಿ ಬೇಡ ಎಂದೇ ನನ್ನ ವಾದ. ಅದು ಆ ವಸ್ತು ತನ್ನ ಕೆಲಸ ಮಾಡಿದ್ದರ ಗುರುತು. ಇಷ್ಟನ್ನೇ ಹೇಳಿ ಸುಮ್ಮನಾದರೆ ಜಿಪುಣನ ವೇದಾಂತದಂತೆ ಕೇಳಿಸುತ್ತದೆ, ಆದ್ದರಿಂದ ಸ್ವಲ್ಪ ವಿವರಿಸಬೇಕು.

ಅಂಬಾಸಿಡರ್ ಕಾರಿನ ಬಂಪರ್ ನೆನಪಿರುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಕ್ರೋಮ್ ಮೆರುಗಿನ ಉಕ್ಕಿನ ಪಟ್ಟಿ ಅದು, ಮೈಯಿಂದ ಬೇರೆಯಾಗಿ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಗೋಡೆಗೆ ತಾಗಿದರೆ ಬಾಗುತ್ತಿತ್ತು, ಟಿಂಕರಿಂಗ್‌ನವನು ಬಡಿದು ನೇರ ಮಾಡಿಕೊಡುತ್ತಿದ್ದ. ಅಮೆರಿಕದಲ್ಲಂತೂ ಇದಕ್ಕೆ ಸರ್ಕಾರವೇ ಅಳತೆ ಹಾಕಿತ್ತು. 1973ರ ಮಾದರಿಯ ಕಾರುಗಳಿಂದ, ಗಂಟೆಗೆ 5 ಮೈಲಿ ವೇಗದಲ್ಲಿ ಮುಂಭಾಗ ತಡೆಗೋಡೆಗೆ ತಾಗಿದರೂ ದೀಪ, ಇಂಧನ ವ್ಯವಸ್ಥೆಯಂಥ ಮುಖ್ಯ ಭಾಗಗಳು ಕೆಡಬಾರದು ಎಂಬ ನಿಯಮ ಬಂತು. 1982ರಲ್ಲಿ ಅದನ್ನು ಎರಡೂವರೆ ಮೈಲಿಗೆ ಇಳಿಸಿದರು. ಅಷ್ಟರಲ್ಲಿ ಪ್ಲಾಸ್ಟಿಕ್ ಕಾಲಿಟ್ಟಿತ್ತು. ಈಗ ನಾವು ಬಂಪರ್ ಎಂದು ಕರೆಯುವುದು ಬರೀ ಮುಸುಕು. ಪಾಲಿಪ್ರೊಪಿಲೀನಿಗೆ ರಬ್ಬರಿನಂಥ ಅಂಶವನ್ನೂ ಟಾಲ್ಕ್ ಪುಡಿಯನ್ನೂ ಬೆರೆಸಿ ಎರಕ ಹೊಯ್ದ ತೆಳು ಹೊದಿಕೆ. ನಿಜವಾಗಿ ಪೆಟ್ಟು ತಡೆಯುವ ಲೋಹದ ಅಡ್ಡತೊಲೆಯೂ ಕೆಲವು ಕಾರುಗಳಲ್ಲಿ ಅದರ ಮುಂದಿನ ಫೋಮೂ ಆ ಮುಸುಕಿನ ಹಿಂದೆ ಅಡಗಿರುತ್ತವೆ.

ಪ್ಲಾಸ್ಟಿಕ್ ಕಪ್ಪಾಗಿಯೇ ಇದ್ದಿದ್ದರೆ ಈ ಪ್ರಬಂಧಕ್ಕೆ ವಿಷಯವೇ ಇರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಅಗ್ಗದ ಮಾದರಿಗೆ ಕಪ್ಪು ಬಂಪರ್, ದುಬಾರಿಯದಕ್ಕೆ ಮೈಬಣ್ಣದ ಬಂಪರ್ ಎಂಬ ಭೇದ ನಮ್ಮಲ್ಲಿ ಬೇರೂರಿತು. ‘ಬಾಡಿ ಕಲರ್ಡ್ ಬಂಪರ್’ ಎಂಬುದು ಜಾಹೀರಾತಿನ ಸಾಲಾಯಿತು. ಹೆಚ್ಚು ಕಾಸು ಕೊಟ್ಟವನಿಗೆ ಸಿಕ್ಕಿದ್ದು ಗಟ್ಟಿ ಬಂಪರಲ್ಲ, ಗೀರು ಎದ್ದು ಕಾಣುವ ಬಂಪರು. ದುಡಿಯುವ ಭಾಗವನ್ನು ಒಡವೆ ಮಾಡಿದ ಮೇಲೆ ಅದರ ಮೇಲಿನ ಒಂದೊಂದು ಗೆರೆಯೂ ಅವಮಾನವೇ.

ಬಾಗಿಲಿನ ಗೀರಿಗೂ ಬಂಪರಿನ ಗೀರಿಗೂ ಇರುವ ವ್ಯತ್ಯಾಸವನ್ನು ಜನ ಮರೆಯುತ್ತಾರೆ. ಬಾಗಿಲು ಉಕ್ಕಿನದು. ಗೀರು ಬಣ್ಣ, ಪ್ರೈಮರ್ ಎಲ್ಲ ಸೀಳಿ ತಗಡು ಮುಟ್ಟಿತೆಂದರೆ ಮಂಗಳೂರಿನ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಏಳುತ್ತದೆ, ಬಣ್ಣದಡಿಯಲ್ಲೇ ಹಬ್ಬುತ್ತದೆ. ಅಂಥದ್ದನ್ನು ಮುಂದೂಡುವುದು ತಪ್ಪು. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ. ಇವತ್ತಿನ ಗೀರು ಮುಂದಿನ ದಸರೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಂಪರಿನ ವಿಷಯದಲ್ಲಿ ಆತುರ ಬೇಕಾದದ್ದು ಹಿಂದಿನ ಭಾಗಕ್ಕೆ: ಕ್ಲಿಪ್ಪು ಮುರಿದಿದೆಯೇ, ಬ್ರಾಕೆಟ್ ಸಡಿಲವಾಗಿ ಮೂಲೆ ಜೋತುಬಿದ್ದಿದೆಯೇ, ಬಿರುಕು ಅಂಚಿನಿಂದ ಒಳಕ್ಕೆ ಹೊರಟಿದೆಯೇ. ಹೆದ್ದಾರಿಯ ವೇಗದಲ್ಲಿ ಕಿತ್ತು ಹಾರುವುದು ಜೋತುಬಿದ್ದ ಮೂಲೆಯೇ ಹೊರತು ಗೀರಲ್ಲ.

ಸಣ್ಣ ಗೀರಿನ ಆಳ ತಿಳಿಯಲು ಉಗುರು ಸಾಕು. ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪಾರದರ್ಶಕ ಕ್ಲಿಯರ್ ಕೋಟಿನಲ್ಲೇ ಇದೆ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಮರೆಯಾಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಂಬಕ್ಕೆ ತಾಗಿದಾಗ ಮೂಡುವ ಹಳದಿ ಕಲೆ ಹಲವು ಬಾರಿ ಗೀರೇ ಅಲ್ಲ, ಕಂಬದ ಬಣ್ಣ ನಮ್ಮ ಬಂಪರಿಗೆ ಮೆತ್ತಿಕೊಂಡಿರುತ್ತದೆ, ಅಷ್ಟೆ.

ಉಗುರು ಸಿಕ್ಕಿಕೊಂಡರೆ, ಪ್ಲಾಸ್ಟಿಕ್ಕೇ ಕೆತ್ತಿಹೋಗಿದ್ದರೆ, ಅದು ಬೇರೆಯೇ ಕೆಲಸ. ಸೋಪಿನ ನೀರಲ್ಲಿ ತೊಳೆದು ವ್ಯಾಕ್ಸು, ಜಿಡ್ಡು ತೆಗೆಯಬೇಕು. ಕೆತ್ತಿದ ಜಾಗದ ಅಂಚಿನಲ್ಲಿ ಎದ್ದ ಸಿಬಿರುಗಳನ್ನು ಬ್ಲೇಡಿನಿಂದ ಸವರಬೇಕು. ತೋಡಿಗೆ ತುಂಬುವ ಪುಟ್ಟಿ ಲೋಹದ ತಗಡಿಗೆ ಹಚ್ಚುವಂಥದ್ದಾದರೆ ನಡೆಯದು. ಬಂಪರ್ ಬಾಗುತ್ತದೆ, ಗಡಸು ಪುಟ್ಟಿ ಬಾಗುವುದಿಲ್ಲ, ಮುಂದಿನ ಸಣ್ಣ ತಾಗುವಿಕೆಗೇ ಹಪ್ಪಳದಂತೆ ಎದ್ದು ಬರುತ್ತದೆ. ಆಮೇಲೆ ಎಮರಿ ಪೇಪರಿನ ಸರದಿ. ಪಳಗಿದ ಕೈ ಕೆಲಸ ಮಾಡುವುದನ್ನು ನೋಡಬೇಕು. ರಬ್ಬರ್ ತುಂಡಿಗೆ 320ರ ಪೇಪರ್ ಸುತ್ತಿ ಉಜ್ಜುತ್ತಾನೆ, 600ಕ್ಕೆ ಬರುವ ಹೊತ್ತಿಗೆ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ನೀರು ಚಿಮುಕಿಸುತ್ತಾನೆ, ಬಿಳಿ ಹಾಲಿನಂಥ ರಾಡಿ ಇಳಿಯುತ್ತದೆ. ನಡುನಡುವೆ ನಿಲ್ಲಿಸಿ, ನೋಟ ಬೇರೆಲ್ಲೋ ಇಟ್ಟು, ಅಂಗೈ ಮಾತ್ರ ಅದರ ಮೇಲೆ ಸವರುತ್ತಾನೆ. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ತಿಳಿಯುತ್ತದೆ. ಅದು ಬಣ್ಣ ಬಿದ್ದು ಹೊಳಪು ಬಂದ ಮೇಲೆ ಎಲ್ಲರಿಗೂ ಕಾಣುವಂಥದ್ದು ಎಂದು ಅವನಿಗೆ ಗೊತ್ತು.

ಪಾಲಿಪ್ರೊಪಿಲೀನಿಗೆ ಬಣ್ಣ ಹಿಡಿಯುವುದೇ ಕಷ್ಟ. ಅಂಟೂ ಬಣ್ಣವೂ ಅದರ ಮೇಲೆ ಹರಡದೆ ಜಾರುತ್ತವೆ. ಪ್ಲಾಸ್ಟಿಕ್ಕಿಗೆಂದೇ ಬರುವ ತೆಳು ಪ್ರೈಮರನ್ನು ಮೊದಲು ಹೊಡೆಯದಿದ್ದರೆ, ಆರು ತಿಂಗಳಲ್ಲಿ ವಾಟರ್ ಸರ್ವಿಸಿನವನ ಪೈಪಿನ ರಭಸಕ್ಕೇ ಬಣ್ಣ ಸಿಪ್ಪೆಯಂತೆ ಸುಲಿಯುತ್ತದೆ. ಇಷ್ಟೆಲ್ಲ ಸರಿಯಾದರೂ ಬಣ್ಣ ಹೊಂದದೆ ಇರಬಹುದು. ಸಾದಾ ಬಿಳಿಯದಾದರೆ ಹೇಗೋ ನಡೆಯುತ್ತದೆ. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಗನ್ನು ಎಷ್ಟು ದೂರದಲ್ಲಿತ್ತು, ಗಾಳಿಯ ಒತ್ತಡ ಎಷ್ಟಿತ್ತು ಎಂಬುದರ ಮೇಲೆ ಆ ಚೂರುಗಳು ಮಲಗುವ ರೀತಿ ಬದಲಾಗಿ, ಒಂದೇ ಡಬ್ಬದ ಬಣ್ಣವೂ ಒಂದು ಛಾಯೆ ಹೆಚ್ಚುಕಡಿಮೆ ಕಾಣುತ್ತದೆ. ಕಾರ್ಖಾನೆಯಲ್ಲೂ ಈ ಕಷ್ಟ ಪೂರ್ತಿ ತಪ್ಪಿದ್ದಲ್ಲ. ಉಕ್ಕಿನ ಮೈಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ. ಆ ಬಿಸಿಗೆ ಬಂಪರ್ ಸೊಟ್ಟಗಾಗುವುದರಿಂದ ಅದನ್ನು ಸಾಮಾನ್ಯವಾಗಿ ಬೇರೆ ಕಡೆ, ಸುಮಾರು 80 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಹೊಸ ಕಾರನ್ನೇ ಬಿಸಿಲಲ್ಲಿ ನಿಲ್ಲಿಸಿ, ಬಂಪರನ್ನೂ ಪಕ್ಕದ ಫೆಂಡರನ್ನೂ ಒಟ್ಟಿಗೆ ನೋಡಿ.

ಖರ್ಚಿನ ಮಾತು ಬಂದಾಗ ಸಿಗುವ ಸುಲಭ ಸಲಹೆ, ‘ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೈಮ್ ಮಾಡಿಬಿಡಿ’. ವಿಮೆಗೂ ಲೆಕ್ಕವಿದೆ. ಕ್ಲೈಮು ಮಾಡದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ವರ್ಷದಿಂದ ವರ್ಷಕ್ಕೆ ಶೇ. 20, 25, 35, 45, 50 ಎಂದು ರಿಯಾಯಿತಿ ಏರುತ್ತದೆ, ಒಂದು ಕ್ಲೈಮಿಗೆ ಸೊನ್ನೆಗೆ ಬೀಳುತ್ತದೆ. ಆ ಕಂತು 12,000 ರೂಪಾಯಿ ಎಂದಿಟ್ಟುಕೊಳ್ಳಿ. ಐವತ್ತರ ರಿಯಾಯಿತಿಯವನು 6,000 ಕಟ್ಟುತ್ತಿದ್ದ. ಕ್ಲೈಮಾದ ಮೇಲೆ ಮತ್ತೆ ಐವತ್ತಕ್ಕೆ ಏರುವಷ್ಟರಲ್ಲಿ ಕ್ರಮವಾಗಿ 6,000, 3,600, 3,000, 1,800, 600 ಹೆಚ್ಚಿಗೆ ತೆರುತ್ತಾನೆ. ಒಟ್ಟು 15,000. ಕಾರು ಹಳೆಯದಾದಂತೆ ಕಂತು ಇಳಿಯುವುದರಿಂದ ನಿಜದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ರಿಯಾಯಿತಿ ಉಳಿಸುವ ಆಡ್-ಆನ್ ಕೊಂಡಿದ್ದರೆ ಲೆಕ್ಕವೇ ಬೇರೆ. ಏನೇ ಆದರೂ ಒಂದು ಮೂಲೆಯ ಗೀರಿಗೆ ಇದು ದುಬಾರಿ ಮದ್ದು. ವಿಮೆಯ ದುಡ್ಡು ಎಂದ ಕೂಡಲೇ ದುರಸ್ತಿಯ ಮಾತು ಮಾಯವಾಗಿ ‘ಹೊಸ ಬಂಪರೇ ಹಾಕಿಸಿ’ ಎಂಬ ಸಲಹೆ ಬರುವುದೂ ಉಂಟು. ಅಂಗೈಯಲ್ಲಿ ಉಬ್ಬುತಗ್ಗು ಅಳೆಯುವವನಿಗೆ ಆಗ ಕೆಲಸವೂ ಇಲ್ಲ, ಹಳೆಯ ಬಂಪರು ಗುಜರಿಗೆ.

ಇದಕ್ಕೆ ಎದುರು ವಾದವೂ ಇದೆ. ಕಾರು ಮಾರಲು ಹೋದಾಗ ಕೊಳ್ಳುವವನು ಮೊದಲು ಬೆರಳಿಡುವುದು ಬಂಪರಿನ ಗೀರಿನ ಮೇಲೆ. ಹೊರಗೇ ಹೀಗಿದ್ದರೆ ಎಂಜಿನ್ ಆಯಿಲ್ ಯಾವ ಕಾಲಕ್ಕೆ ಬದಲಾಯಿಸಿದ್ದಾನೋ ಎಂದು ಅವನು ಯೋಚಿಸಿದರೆ ತಪ್ಪಿಲ್ಲ. ಮಾರುವ ಮುಂಚೆ ಒಮ್ಮೆ ಎಲ್ಲ ಗೀರುಗಳಿಗೂ ಒಟ್ಟಿಗೆ ಬಣ್ಣ ಹೊಡೆಸುವುದು ಸರಿಯಾದ ವ್ಯವಹಾರ. ಚೊಕ್ಕಟವಾಗಿರುವ ವಸ್ತುವನ್ನು ಬಳಸುವ ಸುಖವನ್ನೂ ನಾನು ಹೀಗಳೆಯಲಾರೆ. ನನ್ನ ತಕರಾರಿರುವುದು ಗಾಬರಿಯ ಬಗ್ಗೆ. ಸಿಗ್ನಲ್ಲಿನಲ್ಲಿ ಸ್ಕೂಟರಿನ ಹ್ಯಾಂಡಲ್ ತಾಗಿ ಎರಡಿಂಚು ಗೆರೆ ಬಿದ್ದರೆ ಇಳಿದು ಆ ಹುಡುಗನ ಕೊರಳಪಟ್ಟಿ ಹಿಡಿಯುವ ಗಾಬರಿ. ಆಯುಧಪೂಜೆಗೆ ಅದೇ ಬಂಪರಿಗೆ ಕುಂಕುಮ ಬಳಿದು ಕುಂಬಳಕಾಯಿ ಒಡೆಯುತ್ತೇವೆ. ಹೊಸ ಕಾರಿಗೆ ಮೊದಲ ಗೀರು ಬಿದ್ದಾಗ ‘ಹೋಗಲಿ ಬಿಡು, ದೃಷ್ಟಿ ಕಳೀತು’ ಎನ್ನುವ ಹಿರಿಯರಿಗೆ ದೃಷ್ಟಿಯಲ್ಲಿ ಎಷ್ಟು ನಂಬಿಕೆಯೋ ಕಾಣೆ, ಜಗಳ ತಪ್ಪಿಸುವ ಜಾಣ್ಮೆಯಂತೂ ಇದೆ.

ಬಣ್ಣದ ಇನ್ನೊಂದು ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಎರಡು ಡಬ್ಬ ಬೆರೆಸಿ ಹೊಡೆಯುವ ಕ್ಲಿಯರ್ ಕೋಟನ್ನು ಗಟ್ಟಿ ಮಾಡುವುದು ಐಸೊಸಯನೇಟ್ ಎಂಬ ರಾಸಾಯನಿಕ. ಅದರ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಬರುತ್ತದೆಂಬುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಸ್ಪ್ರೇ ಬೂತು, ಹೊರಗಿನ ಗಾಳಿ ಪೂರೈಸುವ ಮುಖವಾಡ. ರಸ್ತೆಬದಿಯ ಶೆಡ್ಡಿನಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗನ್ನು ಹಿಡಿದವನಿಗೆ ಅದ್ಯಾವುದೂ ಇಲ್ಲ. ಅವನ ಹೊಟ್ಟೆಪಾಡು ನಮ್ಮ ಗೀರಿನ ಮೇಲೇ ನಿಂತಿದೆ ಎಂಬುದೂ ನಿಜ. ಈ ತಿಕ್ಕಾಟಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಣ್ಣ ಹೊಡೆಸಲೇಬೇಕೆಂದರೆ ಬೂತು, ಮುಖವಾಡ ಇರುವ ಕಡೆ ಹೋಗಿ ಐನೂರು ಹೆಚ್ಚು ಕೊಡಬಹುದು, ಕೊಡಬೇಕು.

ಈಗ ಬರುವ ಕೆಲವು ಕಾರುಗಳಲ್ಲಿ ಹಿಂದಿನ ಬಂಪರಿನ ಮೂಲೆಗಳ ಒಳಗೆ, ಪಕ್ಕದಲ್ಲಿ ಬರುವ ವಾಹನವನ್ನು ಗುರುತಿಸುವ ರೇಡಾರ್ ಇರುತ್ತದೆ. ಅದರ ಅಲೆಗಳು ಬಂಪರಿನ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ದಾಟಿಯೇ ಹೊರಹೋಗಬೇಕು, ಮರಳಿ ಬರಬೇಕು. ಮೇಲೆ ಪುಟ್ಟಿಯ ಪದರ, ಅದರ ಮೇಲೆ ಲೋಹದ ಚೂರಿನ ಬಣ್ಣ ದಪ್ಪಗೆ ಕೂತರೆ ಅಲೆಗಳು ಮಂಕಾಗುತ್ತವೆ. ಆ ಜಾಗದಲ್ಲಿ ಪುಟ್ಟಿ ಹಚ್ಚುವುದನ್ನೇ ಹಲವು ಕಂಪನಿಗಳು ಒಪ್ಪುವುದಿಲ್ಲ. ಅಂಥ ಕಾರಿನ ಮೂಲೆಗೆ ಕಂಬ ಉಜ್ಜಿ ಗೀರಾದರೆ, ಬಣ್ಣದವನ ಹತ್ತಿರ ಹೋಗುವ ಮೊದಲು ಓನರ್ಸ್ ಮ್ಯಾನುಯಲ್ ತೆರೆದು ರೇಡಾರ್ ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.