ಅರಿವಿಗೆ ಬಾರದ ನಂಬಿಕೆ

'ವಾಸನೆ' ಎಂಬ ಶಬ್ದಕ್ಕೆ ಈಗಿನ ಕನ್ನಡದಲ್ಲಿ ದುರ್ದೆಸೆ ಒದಗಿದೆ. ಮೂಗು ಮುಚ್ಚಿಕೊಳ್ಳಬೇಕಾದ ಸಂದರ್ಭವಲ್ಲದೆ ಬೇರೆಡೆಯಲ್ಲಿ ಅದನ್ನು ಬಳಸುವವರು ವಿರಳ. ಶಾಸ್ತ್ರಗ್ರಂಥಗಳಲ್ಲಾದರೋ ಅದು ಗಂಭೀರವಾದ ಪಾರಿಭಾಷಿಕ ಪದ. ಅನುಭವವು ಕಳೆದುಹೋದ ಮೇಲೂ ಚಿತ್ತದಲ್ಲಿ ಅಂಟಿ ಉಳಿಯುವ ಸೂಕ್ಷ್ಮವಾದ ಲೇಪಕ್ಕೆ ವಾಸನೆಯೆಂದು ಹೆಸರು. ಇಂಗು ತೀರಿ ವರ್ಷವಾದರೂ ಇಂಗಿನ ಭರಣಿ ತನ್ನ ಗುಣವನ್ನು ಬಿಡದು. ಅದರಲ್ಲಿ ಸಕ್ಕರೆಯನ್ನು ತುಂಬಿದರೆ ಸಕ್ಕರೆಗೂ ಇಂಗಿನ ಘಮಲು ಹತ್ತುತ್ತದೆ. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಕೊನೆಯ ಪಾದದಲ್ಲಿ ಈ ವಾಸನೆಗಳ ವಿಚಾರವನ್ನೆತ್ತಿದ್ದಾರೆ. ಚಿತ್ತವೃತ್ತಿಯಿಂದ ಸಂಸ್ಕಾರ ಹುಟ್ಟುತ್ತದೆ, ಸಂಸ್ಕಾರದಿಂದ ಮತ್ತೆ ವೃತ್ತಿ ಹುಟ್ಟುತ್ತದೆ, ಹೀಗೆ ಈ ಚಕ್ರ ಹಗಲಿರುಳು ತಿರುಗುತ್ತಿರುತ್ತದೆಯೆಂಬುದು ಭಾಷ್ಯಕಾರರ ಅಭಿಪ್ರಾಯ.

ಪಾಶ್ಚಾತ್ಯರಲ್ಲಿ ಫ್ರಾಯ್ಡ್ ಮಹಾಶಯರು 1900ರಲ್ಲಿ ಸ್ವಪ್ನಗಳ ಅರ್ಥವನ್ನು ಕುರಿತ ಗ್ರಂಥವನ್ನು ಹೊರತಂದ ಮೇಲೆ ಸುಪ್ತಚಿತ್ತದ ಮಾತು ಮನೆಮಾತಾಯಿತು. ನಮ್ಮ ದೇಶದಲ್ಲಿಯೂ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘವೊಂದನ್ನು ಸ್ಥಾಪಿಸಿದ್ದರು. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ಕನ್ನಡಿಗರು ಮರೆಯಬಾರದು. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರೆಂದು ಎದೆ ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ಶಾಸ್ತ್ರಕಾರರ ಚಿಂತೆ ಮೋಕ್ಷದ್ದು, ವೈದ್ಯರ ಚಿಂತೆ ರೋಗದ್ದು. ಉಪಾಧ್ಯಾಯನ ಚಿಂತೆ ತನ್ನ ಮುಂದೆ ಕುಳಿತ ಮಕ್ಕಳದು; ಈ ಲೇಖನದ ವ್ಯಾಪ್ತಿಯೂ ಅಷ್ಟೇ.

ಮನುಷ್ಯನಲ್ಲಿ ಎರಡು ಬಗೆಯ ನಂಬಿಕೆಗಳಿರುತ್ತವೆ. ಕೇಳಿದರೆ ಬಾಯಿಬಿಟ್ಟು ಹೇಳುವ ನಂಬಿಕೆ ಒಂದು. ಕೇಳದಿದ್ದರೂ ಕೈಕಾಲುಗಳನ್ನು ಆಡಿಸುವ ನಂಬಿಕೆ ಇನ್ನೊಂದು. ಎರಡನೆಯದು ತನ್ನೊಳಗೆ ಇದೆಯೆಂಬುದೇ ಅನೇಕ ವೇಳೆ ಅವನಿಗೆ ತಿಳಿದಿರುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ಎಳೆದರೆ ಬಾಳು ಹಗುರ. ಒಂದು ಏರಿಗೂ ಇನ್ನೊಂದು ನೀರಿಗೂ ಎಳೆದಾಗ ಉಂಟಾಗುವುದನ್ನೇ ನಾವು ಅಂತಃಕಲಹವೆಂದು ಕರೆಯುತ್ತೇವೆ. ಇಂಥ ಕಲಹವನ್ನು ಮನಸ್ಸು ಬಹುಕಾಲ ಸಹಿಸಲಾರದು. ಹೇಗಾದರೂ ಲೆಕ್ಕ ಸರಿಹೊಂದಿಸಿಕೊಳ್ಳಲು ಹವಣಿಸುತ್ತದೆ.

ಇದಕ್ಕೆ ನಮ್ಮ ದೇಶದ್ದೇ ಆದ ಒಂದು ನಿದರ್ಶನವಿದೆ. 1934ನೆಯ ಇಸವಿ ಜನವರಿ 15ರಂದು ಬಿಹಾರದಲ್ಲಿ ಭೀಕರವಾದ ಭೂಕಂಪವಾಯಿತು. ಆ ಬಳಿಕ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಸಂಗ್ರಹಿಸಿ ಅಭ್ಯಸಿಸಿದರು. ನೆಲದ ನಡುಕವನ್ನು ಅನುಭವಿಸಿದರೂ ಮನೆಮಾರಿಗೆ ಹಾನಿಯಾಗದೆ ಉಳಿದ ಪ್ರದೇಶಗಳಲ್ಲಿ, ಇನ್ನೂ ಘೋರವಾದ ಅನಾಹುತ ಬರಲಿದೆಯೆಂಬ ಸುದ್ದಿ ಹಬ್ಬಿತ್ತು. ಪಾರಾದವರು ಸಮಾಧಾನದ ಮಾತುಗಳನ್ನು ಆಡಿಕೊಳ್ಳಬೇಕಾಗಿದ್ದಲ್ಲಿ ಭಯದ ಮಾತುಗಳನ್ನೇಕೆ ಹಬ್ಬಿಸಿದರು? ಅಮೆರಿಕದ ಲಿಯಾನ್ ಫೆಸ್ಟಿಂಗರ್ ಅವರು 1957ರಲ್ಲಿ ಪ್ರಕಟಿಸಿದ ತಮ್ಮ ಸಿದ್ಧಾಂತಕ್ಕೆ ಈ ಪ್ರಶ್ನೆಯೇ ಬೀಜವಾಯಿತು. ಅವರ ಉತ್ತರ ವಿಲಕ್ಷಣವಾಗಿದ್ದರೂ ನಿಜವೆನಿಸುತ್ತದೆ. ಭಯವು ಎದೆಯಲ್ಲಿ ಆಗಲೇ ಕುಳಿತಿತ್ತು. ಸುತ್ತ ನೋಡಿದರೆ ಭಯಪಡಲು ಕಾರಣವೇ ಕಾಣುತ್ತಿರಲಿಲ್ಲ. ಆದ್ದರಿಂದ ಮನಸ್ಸು ಭಯಕ್ಕೆ ತಕ್ಕ ಕಾರಣವನ್ನು ತಾನೇ ನಿರ್ಮಿಸಿಕೊಂಡಿತು. ನಂಬಿಕೆಯಿಂದ ಭಾವ ಹುಟ್ಟುವಂತೆ ಭಾವದಿಂದಲೂ ನಂಬಿಕೆ ಹುಟ್ಟುತ್ತದೆಯೆಂಬುದು ಇದರಿಂದ ವಿದಿತವಾಗುತ್ತದೆ. ವೃತ್ತಿ ಸಂಸ್ಕಾರಗಳ ಚಕ್ರವೆಂದು ಭಾಷ್ಯಕಾರರು ಹೇಳಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಶಾಲೆಯಲ್ಲಿ ಈ ಚಕ್ರ ತಿರುಗುವ ಬಗೆಯನ್ನು ನೋಡೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳ ನಾಲಗೆಯಲ್ಲಿ ಹಕಾರವಿಲ್ಲ. ಹಾಲು 'ಆಲು' ಆಗುತ್ತದೆ, ಹಸು 'ಅಸು' ಆಗುತ್ತದೆ. ಹುಡುಗನೊಬ್ಬ ಎದ್ದು ನಿಂತು ಪಾಠ ಓದುತ್ತಾನೆ, ತರಗತಿ ಗೊಳ್ಳೆಂದು ನಗುತ್ತದೆ, ಮೇಷ್ಟರೂ ಮುಗುಳ್ನಗುತ್ತಾರೆ. ನಗೆ ಒಂದು ನಿಮಿಷದಲ್ಲಿ ಮುಗಿಯಿತು. ಅದರ ವಾಸನೆ ಮುಗಿಯಲಿಲ್ಲ. ಮರುದಿನದಿಂದ ಅವನು ಹಿಂದಿನ ಬೆಂಚಿಗೆ ಸರಿಯುತ್ತಾನೆ. ಉತ್ತರ ತಿಳಿದಿದ್ದರೂ ಕೈಯೆತ್ತುವುದಿಲ್ಲ. ಮಾತಾಡಬೇಕೆಂಬ ಆಸೆ ಗಂಟಲಿನವರೆಗೆ ಬಂದು, ನಗೆಗೀಡಾಗುವೆನೆಂಬ ಅಳುಕಿನಿಂದ ಅಲ್ಲಿಯೇ ಹಿಂಗಿಹೋಗುತ್ತದೆ. ಎರಡು ವರ್ಷದ ನಂತರ ನಾವು ಪೋಷಕರನ್ನು ಕರೆಸಿ, 'ನಿಮ್ಮ ಹುಡುಗ ಬಲು ಮಂಕು, ಬಾಯೇ ಬಿಡುವುದಿಲ್ಲ' ಎನ್ನುತ್ತೇವೆ. ತಂದೆ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತಾನೆ, ಮಗನೂ ಕೇಳಿಸಿಕೊಳ್ಳುತ್ತಾನೆ. ಹೊರಗಿನಿಂದ ಬಂದುದು ಅವನ ಸ್ವಭಾವವೆನಿಸಿಕೊಳ್ಳುವುದು ಹೀಗೆ.

ಶಬ್ದಶಾಸ್ತ್ರವನ್ನು ಬಲ್ಲವರಿಗೆ ಈ ನಗೆಯೇ ಹಾಸ್ಯಾಸ್ಪದವಾಗಿ ತೋರೀತು. ಪಂಪನ ಕಾಲದ 'ಪಾಲ್' ನಡುಗನ್ನಡದಲ್ಲಿ 'ಹಾಲು' ಆಯಿತು; ಹಳ್ಳಿಯ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನು 'ಆಲು' ಮಾಡಿತು. ಪಂಪ ಎದ್ದು ಬಂದು ನಮ್ಮ ತರಗತಿಯಲ್ಲಿ ಕುಳಿತರೆ ಮೇಷ್ಟರ ಹಾಲಿಗೂ ಹುಡುಗನ ಆಲಿಗೂ ಒಟ್ಟಿಗೆ ಹುಬ್ಬೇರಿಸಿಯಾನು. ಗ್ರಾಂಥಿಕ ಉಚ್ಚಾರಣೆಯನ್ನು ಕಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಕಲಿಸುವುದೇ ನನ್ನ ಕಸುಬು. ಆದರೆ 'ಬರೆಯುವಾಗ ಹೀಗೆ' ಎಂದು ತಿಳಿಸುವುದು ಬೇರೆ, 'ನಿನ್ನ ಮನೆಯ ಮಾತು ಕೊಳಕು' ಎಂಬ ಭಾವನೆಯನ್ನು ಬಿತ್ತುವುದು ಬೇರೆ.

ಉಚ್ಚಾರಣೆಯ ಮಾತು ಹೀಗಾದರೆ ಜಾತಿಯ ಮಾತು ಇನ್ನೂ ಆಳದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯವರೆನಿಸಿದ 321 ಮಂದಿ, ಕೆಳಜಾತಿಯವರೆನಿಸಿದ 321 ಮಂದಿ ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಕೊಟ್ಟು, ಬಿಡಿಸಿದ್ದಕ್ಕೆ ಹಣದ ಬಹುಮಾನವನ್ನು ಗೊತ್ತುಮಾಡಿದ್ದರು. ಜಾತಿಯ ಸುದ್ದಿಯನ್ನೆತ್ತದೆ ಇದ್ದಾಗ ಎರಡು ಪಂಗಡಗಳ ಸಾಮರ್ಥ್ಯದಲ್ಲಿ ಅಂತರವೇ ಕಾಣಲಿಲ್ಲ. ಎಲ್ಲರೆದುರಿಗೆ ಪ್ರತಿಯೊಬ್ಬನ ಜಾತಿಯನ್ನು ಹೇಳಿ ಆಮೇಲೆ ಒಗಟು ಕೊಟ್ಟಾಗ ದೊಡ್ಡ ಅಂತರ ತಲೆದೋರಿತು. ಬಾಲಕರು ಅಂಥವರೇ, ಒಗಟು ಅಂಥದೇ. ನಡುವೆ ಬಂದುದು ಒಂದು ಪ್ರಕಟಣೆ ಮಾತ್ರ.

ಇಷ್ಟಕ್ಕೇ ನಿಲ್ಲಿಸಿದರೆ, ಆ ಮಕ್ಕಳಲ್ಲಿ ಕೀಳರಿಮೆ ಇತ್ತೆಂದು ನಾವು ಸುಲಭವಾಗಿ ತೀರ್ಮಾನ ಕೊಟ್ಟುಬಿಡಬಹುದು. ಪ್ರಯೋಗದ ಇನ್ನೊಂದು ಭಾಗ ಆ ತೀರ್ಮಾನಕ್ಕೆ ಅಡ್ಡಬರುತ್ತದೆ. ಬಹುಮಾನದ ನಿರ್ಧಾರದೊಳಕ್ಕೆ ಚೀಟಿ ಎತ್ತುವಂಥ, ಮನುಷ್ಯನ ಕೈವಾಡವಿಲ್ಲದ ಆಕಸ್ಮಿಕದ ಅಂಶವನ್ನು ಸೇರಿಸಿದಾಗ, ಜಾತಿಯನ್ನು ಸಾರಿದ್ದರೂ ಆ ಅಂತರ ಮಾಯವಾಯಿತು. ಇದರಿಂದ ಸಂಶೋಧಕಿಯರು ಊಹಿಸಿದ್ದೇನೆಂದರೆ, ಆ ಬಾಲಕರನ್ನು ಹಿಂದಕ್ಕೆಳೆದದ್ದು 'ನನಗೆ ಬುದ್ಧಿಯಿಲ್ಲ' ಎಂಬ ನಂಬಿಕೆಗಿಂತ ಹೆಚ್ಚಾಗಿ 'ದುಡಿದರೂ ನನಗೆ ಇವರು ನ್ಯಾಯವಾಗಿ ಕೊಡಲಾರರು' ಎಂಬ ನಿರೀಕ್ಷೆ. ನನಗಂತೂ ಈ ಮಾತು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಮಗುವಿನ ಒಳಗಿನ ನಂಬಿಕೆ ಭ್ರಮೆಯಲ್ಲ. ತಲೆಮಾರುಗಳಿಂದ ಕಂಡುಂಡದ್ದರ ಸಾರ. ಚೀಟಿ ಪಕ್ಷಪಾತ ಮಾಡದು. ಮಾಡಿದರೆ ಎದುರಿಗೆ ನಿಂತ ದೊಡ್ಡವನೇ ಮಾಡಬೇಕು. ಹತ್ತು ಹನ್ನೆರಡು ವರ್ಷದ ಹುಡುಗನ ಚಿತ್ತ ಇದನ್ನು ಯಾರೂ ಹೇಳಿಕೊಡದೆ ಲೆಕ್ಕ ಹಾಕಿಕೊಂಡಿರುತ್ತದೆ.

ಆದುದರಿಂದಲೇ, ಈಚೆಗೆ ಶಾಲೆ ಶಾಲೆಗೂ ನಡೆಯುವ ವ್ಯಕ್ತಿತ್ವ ವಿಕಸನದ ಉಪನ್ಯಾಸಗಳಲ್ಲಿ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಉಪನ್ಯಾಸಕರು ಬರುತ್ತಾರೆ, 'ನನ್ನಿಂದ ಸಾಧ್ಯ' ಎಂದು ಮೂರು ಸಲ ಕೂಗಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದು ತಲುಪುವುದು ಬಾಯಿಯ ನಂಬಿಕೆಯನ್ನು. ಕೈಕಾಲುಗಳ ನಂಬಿಕೆ ಕೆಳಗೆ ಅಲುಗಾಡದೆ ಕುಳಿತಿರುತ್ತದೆ. ಭರಣಿಯನ್ನು ತೊಳೆಯದೆ ಮೇಲೊಂದು ಸಕ್ಕರೆಯೆಂಬ ಚೀಟಿ ಅಂಟಿಸಿದಂತಾಯಿತು. ಅಷ್ಟೇ ಅಲ್ಲ, ಕೂಗಿಯೂ ಸೋತ ಹುಡುಗನಿಗೆ ತನ್ನಲ್ಲಿಯೇ ಏನೋ ಮೂಲದೋಷವಿದೆಯೆಂಬ ಶಂಕೆ ಇನ್ನಷ್ಟು ಬಲಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಕುಲವನ್ನು ಕೆದಕಿ ಕೇಳಬಾರದೆಂದು ವಿಧಿಸಿದ್ದನ್ನು ನಾವು ಸದಾಚಾರದ ನಿಯಮವೆಂದು ಮಾತ್ರ ಬೋಧಿಸುತ್ತ ಬಂದಿದ್ದೇವೆ. ಅದರ ಹಿಂದೆ ಮನಸ್ಸಿನ ಮರ್ಮವನ್ನು ಬಲ್ಲ ವಿವೇಕವೂ ಇದ್ದಿತೆಂದು ಈಗ ತೋರುತ್ತದೆ. ಕೇಳಿದವನು ಮರೆಯಬಹುದು, ಹತ್ತು ಜನರ ನಡುವೆ ಉತ್ತರ ಹೇಳಬೇಕಾಗಿ ಬಂದವನು ಮರೆಯುವುದಿಲ್ಲ.

ಈ ಪ್ರಶ್ನೆಯನ್ನು ನಮ್ಮ ಶಾಲೆಗಳಲ್ಲಿ ಕೆಟ್ಟ ಉದ್ದೇಶದಿಂದ ಯಾರೂ ಕೇಳುವುದಿಲ್ಲವೆಂಬುದು ನಿಜ. ಅದು ಕಡತದ ಕೆಲಸದ ನೆಪದಲ್ಲಿ ನುಸುಳುತ್ತದೆ. ವಿದ್ಯಾರ್ಥಿವೇತನದ ಅರ್ಜಿಯ ಕಾಲ ಬಂದಾಗ ಹಾಜರಿ ಪುಸ್ತಕ ಹಿಡಿದು, ಇಂಥ ವರ್ಗದವರು ಎದ್ದು ನಿಲ್ಲಿ, ಇಂಥವರು ಪ್ರಮಾಣಪತ್ರ ತಂದಿಲ್ಲ ಎಂದು ತುಂಬಿದ ತರಗತಿಯಲ್ಲಿ ಗಟ್ಟಿಯಾಗಿ ಓದುವ ವಾಡಿಕೆ ಎಷ್ಟೋ ಕಡೆ ಇದೆ. ಉತ್ತರಪ್ರದೇಶದ ಪ್ರಯೋಗದಲ್ಲಿ ಮಾಡಿದ್ದೂ ಇದನ್ನೇ. ಅಲ್ಲಿ ಪರಿಣಾಮವನ್ನು ಅಳೆದರು, ನಾವು ಅಳೆಯುವುದಿಲ್ಲ. ಸರಕಾರದ ಸೌಲಭ್ಯ ಮಗುವಿಗೆ ತಲುಪಲೇಬೇಕು. ಆ ವಿಷಯದಲ್ಲಿ ಎರಡು ಮಾತಿಲ್ಲ. ಕೊಡುವ ರೀತಿಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚನ್ನು ಕಿತ್ತುಕೊಳ್ಳಬಾರದು.

ಒಬ್ಬೊಬ್ಬರನ್ನೇ ಕರೆದು ಕೇಳುತ್ತ ಕುಳಿತರೆ ಪಾಠ ಮಾಡುವುದು ಯಾವಾಗ ಎಂದು ಉಪಾಧ್ಯಾಯ ಮಿತ್ರರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಈಗ ಅರ್ಜಿಗಳು ಗಣಕಯಂತ್ರದ ಮೂಲಕ ಹೋಗುತ್ತವೆ, ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಹೀಗಿರುವಾಗ ತರಗತಿಯಲ್ಲಿ ಪಟ್ಟಿಯನ್ನು ಓದಬೇಕಾದ ಅಗತ್ಯ ಎಲ್ಲಿದೆ? ಯಾವ ವರ್ಗವೆಂಬ ಭೇದವಿಲ್ಲದೆ ಎಲ್ಲ ಮಕ್ಕಳ ಕೈಯಲ್ಲೂ ಒಂದೊಂದು ಮುಚ್ಚಿದ ಲಕೋಟೆಯನ್ನು ಮನೆಗೆ ಕಳುಹಿಸಿ, ಬೇಕಾದ ಕಾಗದಪತ್ರಗಳನ್ನು ಅದರಲ್ಲಿಯೇ ತರಿಸಿಕೊಂಡು, ಕಛೇರಿಯ ಗುಮಾಸ್ತರು ಬಾಗಿಲ ಬಳಿ ಪಡೆದುಕೊಳ್ಳುವ ಏರ್ಪಾಡು ಮಾಡಬಹುದು. ಖಾಲಿ ಲಕೋಟೆಯನ್ನು ಹಿಂದಿರುಗಿಸುವ ಮಗುವೂ ಅದೇ ಸಾಲಿನಲ್ಲಿ ನಿಂತಿರಲಿ. ಇದಕ್ಕೆ ತಗಲುವ ವೆಚ್ಚ ಲಕೋಟೆಗಳದ್ದು ಮಾತ್ರ. ಮುಂದಿನ ಜೂನ್ ತಿಂಗಳಿನಿಂದಲೇ ಇದನ್ನು ಆರಂಭಿಸಬಹುದು.