ದಡ ಮುಟ್ಟಿಸುವ ಧೈರ್ಯ



ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದವರು ಹಡಗಲಿ ಕಡೆಯ ಒಬ್ಬ ತಾಯಿ. ಮಗಳು ಮದುವೆಯಾಗಿ ನ್ಯೂಜಿಲೆಂಡಿನ ಆಕ್ಲೆಂಡ್ ಸೇರಿದ್ದಾಳೆ. ರಜೆ ಬಂತೆಂದರೆ ಗಂಡ-ಹೆಂಡತಿ ಸಣ್ಣ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಾರಂತೆ. "ನಡುನೀರಿನಾಗ ಚಲೋ ನಡೆಸ್ತಾಳ್ರೀ. ದೋಣಿ ಕಟ್ಟೋ ಜಾಗಕ್ಕ ಬಂದ್ರೆ ಕೈ ನಡುಗ್ತಾವಂತ. ಒಂದ್ಸಲ ಪಕ್ಕದ ದೋಣಿಗೆ ತಾಗಿಸಿದ್ದಕ್ಕ ಅಳಿಯಂದಿರು ಎಲ್ಲಾರ ಮುಂದ ಬೈದರಂತ. ಅವತ್ತಿಂದ ಚುಕ್ಕಾಣಿ ಮುಟ್ಟಿಲ್ಲ. ಬಿಟ್ಟುಬಿಡವ್ವಾ ಅಂತ ಹೇಳ್ಲೇನು?" ಎಂದು ಕೇಳಿದ್ದಾರೆ.

ಬೇಡ್ರೀ ಅವ್ವಾ, ಹಾಗೆ ಹೇಳಬೇಡಿ. ನಡೆಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಕೊಟ್ಟೂರಿನ ತೇರು ಎಳೆಯಲು ಸಾವಿರಾರು ಕೈ ಇರುತ್ತವೆ. ಗಾಲಿಗೆ ಮರದ ತುಂಡು ಕೊಟ್ಟು ಹಿಡಿತದಲ್ಲಿಡುವವರು ಪಳಗಿದ ನಾಲ್ಕು ಜನ ಮಾತ್ರ. ದೋಣಿಗಂತೂ ಬ್ರೇಕೇ ಇಲ್ಲ!

ನಮ್ಮ ತುಂಗಭದ್ರೆಯ ಹರಿಗೋಲನ್ನೇ ನೋಡಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಬುಟ್ಟಿಯಂತಹ ಈ ದೋಣಿ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆಂದು ಬರೆದಿಟ್ಟಿದ್ದಾನೆ. ಇಂಥದ್ದನ್ನು ದಡಕ್ಕೆ ತರುವುದು ಹೇಗೆ? ಅಂಬಿಗ ಎದುರಿನ ದಡಕ್ಕೆ ನೇರ ಹೊರಡುವುದಿಲ್ಲ. ಮೊದಲು ಈಚೆ ದಡದ ಗುಂಟ ಮೇಲಕ್ಕೆ ಹೋಗಿ, ಆಮೇಲೆ ಹೊಳೆ ದಾಟುತ್ತಾನೆ. ಸೆಳವೇ ಅವನನ್ನು ಬೇಕಾದ ಕಡೆ ತಂದು ಬಿಡುತ್ತದೆ. ನೀರಿನ ಸಂಗಡ ಗುದ್ದಾಡುವುದಿಲ್ಲ, ನೀರಿನಿಂದಲೇ ಕೆಲಸ ಮಾಡಿಸಿಕೊಳ್ಳುತ್ತಾನೆ. ಹಾಯಿದೋಣಿಗೂ ಇದೇ ಸೂತ್ರ.

ನಾನು ಹಾಯಿದೋಣಿ ಹತ್ತಿದವಳಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ಮಗಳಿಗೆ ತಿಳಿಸಿ:

1. ಒಳಗೆ ಬರುವ ಮೊದಲೇ ಹಾಯಿ ಇಳಿಸಿ, ಎಂಜಿನ್ ಹಚ್ಚಿ, ಹಗ್ಗಗಳನ್ನು ಸಿದ್ಧ ಮಾಡಿ. ಪೆಟ್ಟು ತಡೆಯುವ ರಬ್ಬರ್ ಚೀಲಗಳನ್ನು ಪಕ್ಕಕ್ಕೆ ಇಳಿಬಿಡಿ.

2. ಬಾವುಟ ನೋಡಿ ಗಾಳಿ ಎತ್ತಲಿಂದ ಎಂದು ತಿಳಿಯಿರಿ. ಗಾಳಿ, ಸೆಳವು ಎರಡರಲ್ಲಿ ಯಾವುದು ಜೋರೋ, ಸಾಧ್ಯವಾದರೆ ಅದಕ್ಕೆ ಎದುರಾಗಿ ಬನ್ನಿ. ಅದೇ ನಿಮಗೆ ಬ್ರೇಕು.

3. ನಿಧಾನವಾಗಿ ಬನ್ನಿ. ಆದರೆ ಪೂರಾ ನಿಂತೇಹೋದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ನೀರು ಹರಿದರೆ ತಾನೇ ಅದಕ್ಕೆ ಕೆಲಸ!

4. ನಡುಭಾಗದ ಹಗ್ಗವನ್ನು ಮೊದಲು ಕಟ್ಟಿದರೆ ದೋಣಿ ದೂರ ಸರಿಯುವುದಿಲ್ಲ. ಮುಂದಿನದು, ಹಿಂದಿನದು ಆಮೇಲೆ.

5. ಟನ್ನುಗಟ್ಟಲೆ ತೂಕದ ದೋಣಿಯನ್ನು ಕೈಕಾಲು ಒಡ್ಡಿ ತಡೆಯಬೇಡಿ. ದಡಕ್ಕೆ ಹಾರಲೂ ಬೇಡಿ.

6. ಸರಿ ಬರಲಿಲ್ಲವೋ, ತಿರುಗಿಸಿ ಹೊರಗೆ ಹೋಗಿ ಮತ್ತೆ ಬನ್ನಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಗಾಳಿ ಇಲ್ಲದ ಬೆಳಿಗ್ಗೆ, ಅಕ್ಕಪಕ್ಕ ಖಾಲಿ ಇರುವ ಕಡೆ, ಹತ್ತು ಸಲ ಬಂದು ಹತ್ತು ಸಲ ಹೋಗಲಿ. ರೊಟ್ಟಿ ಬಡಿಯುವುದನ್ನು ನಾವು ಕಲಿತದ್ದೂ ಹಾಗೆಯೇ ಅಲ್ಲವೇ? ನೆಂಟರು ಬಂದು ಕೂತ ಹೊತ್ತಿಗೆ ಯಾರೂ ಕಲಿಯಲಾರರು.

ಅಳಿಯಂದಿರಿಗೂ ಒಂದು ಮಾತು. ಯಾರು ಏನು ಮಾಡಬೇಕೆಂದು ಹೊರಗಿರುವಾಗಲೇ ಮಾತಾಡಿಕೊಳ್ಳಿ. ಚುಕ್ಕಾಣಿ ಅವಳ ಕೈಲಿದ್ದಾಗ ಹಗ್ಗ ನಿಮ್ಮ ಕೈಲಿರಲಿ, ಬಾಯಿ ಸುಮ್ಮನಿರಲಿ. ಬೈಗುಳಕ್ಕೆ ಹೆದರಿದ ಕೈ ಇನ್ನಷ್ಟು ತಪ್ಪುತ್ತದೆ.

ಹೆಂಗಸರಿಗೆ ಇದು ಆಗದ ಕೆಲಸ ಎನ್ನುವವರಿಗೆ 'ತಾರಿಣಿ'ಯ ಕಥೆ ಹೇಳಿ. 56 ಅಡಿ ಉದ್ದದ ಈ ಹಾಯಿದೋಣಿಯಲ್ಲಿ 2017-18ರಲ್ಲಿ ನಮ್ಮ ನೌಕಾಪಡೆಯ ಆರು ಮಹಿಳೆಯರು ಭೂಮಿಯನ್ನೇ ಸುತ್ತಿಬಂದರು. 2024ರ ಅಕ್ಟೋಬರ್ 2ರಂದು ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಗೋವಾದಿಂದ ಹೊರಟು, 2025ರ ಮೇ 29ರಂದು ಮರಳಿದರು. ದಾರಿಯಲ್ಲಿ ನ್ಯೂಜಿಲೆಂಡಿನ ಲಿಟಲ್ಟನ್ ಬಂದರಿನಲ್ಲೂ ತಂಗಿದ್ದರು. ಎಷ್ಟು ಸಮುದ್ರ ದಾಟಿದರೂ ಒಂದೊಂದು ಬಂದರಿನಲ್ಲೂ ನಿಧಾನವಾಗಿ ಬಂದು ಹಗ್ಗ ಕಟ್ಟಲೇಬೇಕಲ್ಲ!

ಮೈಲಾರ, ಕುರುವತ್ತಿ, ಹಂಪಿ ಕಡೆ ಹರಿಗೋಲು ಹತ್ತುವ ಗೆಳತಿಯರೂ ಇಷ್ಟು ನೆನಪಿಡಿ. ದಡ ಬಂತೆಂದು ಎಲ್ಲರೂ ಒಮ್ಮೆಗೇ ಏಳಬೇಡಿ, ಹರಿಗೋಲು ಒಂದೇ ಮಗ್ಗುಲಿಗೆ ವಾಲುತ್ತದೆ. ಅಂಬಿಗ ಹೇಳುವತನಕ ಕೂತಿದ್ದು, ಒಬ್ಬೊಬ್ಬರಾಗಿ ಇಳಿಯಿರಿ. ಹೊಳೆ ತುಂಬಿ ಹರಿಯುವಾಗ ಹತ್ತುವುದೇ ಬೇಡ.