ಮುಸಾಫಿರನ ಭಾನುವಾರ

ಪರವೂರಿನಲ್ಲಿ ಒಂದು ರಜಾದಿನವನ್ನು ಒಬ್ಬರೇ ಕಳೆದ ಅನುಭವ ನಿಮಗಿದೆಯೇ? ಕೆಲಸದ ದಿನಗಳು ಹೇಗೋ ಸರಿದು ಹೋಗುತ್ತವೆ. ರಜೆ ಬಂದಾಗಲೇ ಹೊತ್ತು ಹೋಗುವುದಿಲ್ಲ.

ನನ್ನ ಅಕ್ಕನ ಮಗ ಆರ್ಕಿಟೆಕ್ಟ್. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲೇ ಆಡಿ ಬೆಳೆದವನು. ಹಳೆಯ ಕಟ್ಟಡಗಳ ದುರಸ್ತಿ ಕಲಿಯಲೆಂದು ಎರಡು ತಿಂಗಳ ಮಟ್ಟಿಗೆ ಜರ್ಮನಿಯ ಗೋಟಿಂಗನ್‌ಗೆ ಹೋಗಿದ್ದ. 1737ರಷ್ಟು ಹಳೆಯ ವಿಶ್ವವಿದ್ಯಾನಿಲಯವಿರುವ ಊರು ಅದು. ಒಂದು ಭಾನುವಾರ ಸಂಜೆ ಅವನ ಫೋನು ಬಂತು. ಅಲ್ಲಿ ಆಗಿನ್ನೂ ಮಧ್ಯಾಹ್ನ.

"ಖಾಲಾ, ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ರಸ್ತೆಯಲ್ಲಿ ಜನವೇ ಇಲ್ಲ. ಬೆಳಗಿನಿಂದ ಯಾರ ಜೊತೆಗೂ ಒಂದು ಮಾತು ಆಡಿಲ್ಲ" ಎಂದ.

ಊಟ ಆಯಿತೇ ಎಂದು ಕೇಳಿದೆ. ಬ್ರೆಡ್ ತಿಂದನಂತೆ. ನನಗೆ ಸಂಕಟವಾಯಿತು. ಅವನೇ ಮಾತು ಬದಲಿಸಿದ. ಸುಮ್ಮನೆ ನಡೆಯುತ್ತಾ ಊರಿನ ದೊಡ್ಡ ಸ್ಮಶಾನಕ್ಕೆ ಹೋಗಿದ್ದನಂತೆ. ಅಲ್ಲಿ ಒಂದು ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆ ಭೌತಶಾಸ್ತ್ರದ ಒಂದು ಸಮೀಕರಣವನ್ನೂ ಕೆತ್ತಿದ್ದಾರೆ. ಅದು 1954ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸಮಾಧಿ.

"ಖಾಲಾ, ಇವರು ನಮ್ಮ ಬೆಂಗಳೂರಿಗೆ ಬಂದು ಇದ್ದವರು. ಇವರ ತಂಗಿಯ ಮಗನೇ ನಮ್ಮ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪದ ವಿನ್ಯಾಸ ಮಾಡಿದ್ದು" ಎಂದ.

ಆ ಪಾರ್ಕಿಗೆ ನಾನು ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ! ಅದನ್ನು ಕಟ್ಟಿಸಿದವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನು ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ.

ಬಾರ್ನ್ ಗೋಟಿಂಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ, ಯಹೂದಿ ಮೂಲದವರೆಂಬ ಕಾರಣಕ್ಕೆ ಅವರ ಹುದ್ದೆ ಹೋಯಿತು. ಹೆಂಡತಿ ಮಕ್ಕಳೊಂದಿಗೆ ದೇಶ ಬಿಟ್ಟರು. ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬುದು ರಾಮನ್ ಅವರ ಆಸೆ. ಆದರೆ ಸಭೆಯಲ್ಲಿ ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದಲೇ ಹೊರಹಾಕಲ್ಪಟ್ಟ ಪರದೇಶಿ ನಮಗೇಕೆ ಎಂಬರ್ಥದ ಮಾತಾಡಿದರು. ಅಷ್ಟು ದೊಡ್ಡ ವಿಜ್ಞಾನಿ ಅಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರಂತೆ. ಉದ್ಯೋಗ ಸಿಗಲಿಲ್ಲ.

ಆದರೆ ಇದೇ ಊರಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಬಾರ್ನ್ ಅವರ ತಂಗಿಯ ಮಗ ಓಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ಯುವ ಆರ್ಕಿಟೆಕ್ಟ್. ಅವರೂ ಜರ್ಮನಿ ಬಿಟ್ಟು ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದ್ದರು. ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು 1939ರಲ್ಲಿ ಸಂಸ್ಥಾನದ ಕೆಲಸಕ್ಕೆ ಕರೆಸಿಕೊಂಡರು. ಆ ಯುವಕನಿಗೆ ಆಗ ಮೂವತ್ತರ ಆಸುಪಾಸು. ಭಾಷೆ ಬಾರದು, ಊರು ಗೊತ್ತಿಲ್ಲ, ಹಿಂದಿರುಗಲು ಸ್ವದೇಶವೂ ಇಲ್ಲ.

ಸುಮಾರು ಒಂಬತ್ತು ವರ್ಷ ಅವರು ನಮ್ಮವರಾಗಿದ್ದರು. ಸೋದರಮಾವನಿಗೆ ಜಾಗ ಸಿಗದ ಅದೇ ವಿಜ್ಞಾನ ಸಂಸ್ಥೆಯಲ್ಲಿ ಊಟದ ಭವನವನ್ನೂ ಸಭಾಂಗಣವನ್ನೂ ವಿನ್ಯಾಸ ಮಾಡಿದರು! 1948ರಲ್ಲಿ ಭುವನೇಶ್ವರದ ಹೊಸ ನಗರದ ನಕ್ಷೆಯನ್ನೂ ಅವರೇ ಸಿದ್ಧಪಡಿಸಿದರು. ಬಿಸಿಲಿನ ದೇಶದಲ್ಲಿ ಕಿಟಕಿಗೆ ನೆರಳಿರಬೇಕು, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು, ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿರಬೇಕು. ಇಲ್ಲಿ ಕೆಲಸ ಮಾಡುತ್ತಾ ಗಟ್ಟಿಯಾದ ಇಂತಹ ತಿಳುವಳಿಕೆಯನ್ನು ಅವರು ಮುಂದೆ ಲಂಡನ್ನಿನಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು.

ಒಬ್ಬರು "ಬೇಡ" ಎಂದರು. ಇನ್ನೊಬ್ಬರು "ಬಾ" ಎಂದರು. "ಬಾ" ಎಂದಿದ್ದರಿಂದ ನಮ್ಮ ಊರಿಗೆ ದಕ್ಕಿದ್ದೆಷ್ಟು ನೋಡಿ!

"ಬೇಟಾ, ನಿನಗೆ ಅಲ್ಲಿ ಯಾರೂ ಊಟಕ್ಕೆ ಕರೆಯುವುದಿಲ್ಲವೇ?" ಎಂದು ಕೊನೆಗೆ ಕೇಳಿದೆ. ಅವನು ನಕ್ಕ. "ಅವರಿಗೆ ನಾನು ಯಾರೆಂದು ಗೊತ್ತಿಲ್ಲವಲ್ಲ ಖಾಲಾ. ನಾವೂ ಮಹಡಿಯ ಹುಡುಗನನ್ನು ಕರೆದದ್ದುಂಟೇ?" ಎಂದ.

ಫೋನು ಇಟ್ಟ ಮೇಲೂ ಆ ಮಾತು ಹೋಗಲಿಲ್ಲ. ನಮ್ಮ ಮಹಡಿಯ ಕೋಣೆಯಲ್ಲಿ ಒಂದೂವರೆ ವರ್ಷದಿಂದ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ಮಣಿಪುರದವನು, ಕಾಲೇಜಿನಲ್ಲಿ ಓದುತ್ತಿದ್ದಾನೆ. ತಿಂಗಳ ಮೊದಲ ವಾರ ಬಾಡಿಗೆ ಕೊಡುತ್ತಾನೆ, ತಗ್ಗಿದ ದನಿಯಲ್ಲಿ ನಮಸ್ಕಾರ ಹೇಳುತ್ತಾನೆ. ನೀರು ಹೆಚ್ಚು ಬಳಸಬೇಡ, ರಾತ್ರಿ ಗೇಟು ಹಾಕು ಎಂಬುದನ್ನು ಬಿಟ್ಟರೆ ನಾನು ಅವನಿಗೆ ಹೇಳಿದ್ದು ಕಡಿಮೆ. ಅವನ ತಾಯಿಯೂ ಎಲ್ಲೋ ಕುಳಿತು "ಊಟ ಆಯಿತೇ?" ಎಂದು ಫೋನಿನಲ್ಲಿ ಕೇಳುತ್ತಿರಬಹುದಲ್ಲವೇ?

ಆ ರಾತ್ರಿ ಮಗಳನ್ನು ಮೇಲೆ ಕಳುಹಿಸಿ ಅವನನ್ನು ಕರೆಸಿದೆ. ಅನ್ನ, ದಾಲ್ಚಾ, ಹಪ್ಪಳ, ಅಷ್ಟೇ ಇದ್ದದ್ದು. ಮೊದಲು ಸಂಕೋಚಪಟ್ಟ. ಎರಡನೇ ಸಲ ಬಡಿಸುವಾಗ ತನ್ನ ಊರಿನ ಬಗ್ಗೆ ಮಾತಾಡತೊಡಗಿದ. ಮನೆಗೆ ಹೋಗಿ ಎರಡು ವರ್ಷವಾಯಿತಂತೆ.

ನಿಮ್ಮ ಬೀದಿಯಲ್ಲೂ ಇಂತಹ ಒಬ್ಬ ಮುಸಾಫಿರ್ ಇದ್ದೇ ಇರುತ್ತಾನೆ. ಪಿ.ಜಿ.ಯಲ್ಲಿರುವ ಹುಡುಗಿ, ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ, ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕ. ಬರುವ ಭಾನುವಾರ ಒಂದು ತಟ್ಟೆ ಹೆಚ್ಚಿಗೆ ಇಡಿ. ನಮ್ಮ ಮಕ್ಕಳೂ ಎಲ್ಲೋ ಪರವೂರಿನಲ್ಲಿರುತ್ತಾರೆ.